ಪಿಟೀಲಿನ ಊರಿನಿಂದ ಬೆಜವಾಡದವರೆಗೆ

ವಿಶಾಖಪಟ್ಟಣದಲ್ಲಿ ಬಿಡಾರ ಹೂಡಿದ ಕನ್ನಡಿಗನಿಗೆ ವರ್ಷದಲ್ಲಿ ನಾಲ್ಕಾರು ಬಾರಿಯಾದರೂ ನಂಟರಿಷ್ಟರಿಗೆ ಊರು ತೋರಿಸುವ ಕೆಲಸ ತಪ್ಪಿದ್ದಲ್ಲ. ಬಯಲುಸೀಮೆಯಿಂದ ಬಂದ ನಮ್ಮ ಜನಕ್ಕೆ ಕಡಲೆಂದರೆ ಏನೋ ಆಸೆ. ರಾಮಕೃಷ್ಣ ಬೀಚಿನ ಮರಳು, ೨೦೦೨ರಲ್ಲಿ ವಸ್ತುಸಂಗ್ರಹಾಲಯವಾಗಿ ದಡದ ಮೇಲೆ ನೆಲೆಯೂರಿದ ಕುರ್ಸುರಾ ಎಂಬ ಜಲಾಂತರ್ಗಾಮಿ, ಬಂದರಿಗೆ ಕಾವಲು ನಿಂತಂತಿರುವ ಡಾಲ್ಫಿನ್ ಮೂಗಿನ ಗುಡ್ಡ, ಕೈಲಾಸಗಿರಿ, ಇವಿಷ್ಟನ್ನು ನೋಡಿ ಕೊನೆಗೆ ಸಿಂಹಾಚಲಕ್ಕೆ ಹೋಗಿ ಬಂದರೆ ಅವರ ಯಾತ್ರೆ ಮುಗಿಯಿತು. ಕೃಷ್ಣದೇವರಾಯನು ೧೫೧೬ರಲ್ಲಿ ಈ ಬೆಟ್ಟವೇರಿ ಸ್ವಾಮಿಗೆ ಒಡವೆಗಳನ್ನು ಒಪ್ಪಿಸಿದನೆಂದೂ ಅದರ ಶಾಸನ ಇಲ್ಲೇ ಇದೆಯೆಂದೂ ಹೇಳಿದರೆ, ಮೆಟ್ಟಿಲು ಹತ್ತಿದ ದಣಿವೆಲ್ಲ ಇಳಿದು ನಂಟರ ಮುಖ ಅರಳುತ್ತದೆ.

ನಮ್ಮ ಮನೆಗೆ ಬಂದವರಿಗೆ ಮಾತ್ರ ಇನ್ನೊಂದು ಊರು ಗಂಟುಬೀಳುತ್ತದೆ. ಅದು ಅರವತ್ತು ಕಿಲೋಮೀಟರು ಆಚೆಯ ವಿಜಯನಗರಂ. ಹಂಪೆಯ ವಿಜಯನಗರವಲ್ಲ, ಗಜಪತಿರಾಜರ ವಿಜಯನಗರಂ. ಅಲ್ಲಿ ನೋಡುವುದಕ್ಕೆ ಕೋಟೆಯೊಂದಿದೆ, ಸರಿ. ಆದರೆ ನಾನು ಕರೆದುಕೊಂಡು ಹೋಗುವುದು ಸಂಗೀತ ಕಾಲೇಜಿನ ಮುಂದಕ್ಕೆ. ಇದೇನು ಹುಚ್ಚು ಎಂದು ಕೇಳಿದವರಿಗೆ ನನ್ನ ಬಳಿ ಒಂದು ಉತ್ತರ ಸಿದ್ಧವಾಗಿದೆ. ಆಂಧ್ರರು ತಮ್ಮ ಪಿಟೀಲಿನ ಚಕ್ರವರ್ತಿಯೆಂದು ಹೊಗಳುವ ದ್ವಾರಂ ವೆಂಕಟಸ್ವಾಮಿನಾಯುಡು ಅವರು ೧೮೯೩ರ ನವೆಂಬರಿನಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಬೆಳೆದದ್ದು ವಿಶಾಖಪಟ್ಟಣದಲ್ಲಿ, ತಮ್ಮ ಬಾಳಿನ ಕಸುವನ್ನೆಲ್ಲ ಧಾರೆಯೆರೆದದ್ದು ವಿಜಯನಗರಂನ ಆ ಕಾಲೇಜಿಗೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಸಣ್ಣ ಸಮಾಧಾನವಲ್ಲ.

ಕಳೆದ ಡಿಸೆಂಬರಿನಲ್ಲಿ ನಮ್ಮ ಅಕ್ಕನ ಮಗ ಬಂದಾಗಲೂ ಇದೇ ಕ್ರಮ ನಡೆಯಿತು. ಆದರೆ ಅವನು ಬಂದದ್ದು ಕಡಲು ನೋಡುವುದಕ್ಕಲ್ಲ. ಇಪ್ಪತ್ತಾರು ವರ್ಷದ ಹುಡುಗ. ಹಗಲು ಕಂಪ್ಯೂಟರಿನ ಕೆಲಸ, ಸಂಜೆ ಗಿಟಾರು. ಕಾಲೇಜಿನಲ್ಲಿದ್ದಾಗ ನಾಲ್ವರು ಗೆಳೆಯರು ಕೂಡಿ ಕಟ್ಟಿದ ರಾಕ್ ಬ್ಯಾಂಡಿನಲ್ಲಿ ಅವನೂ ಒಬ್ಬ. ರಾಕ್ ಎಂದರೆ ಬರಿಯ ಗದ್ದಲವೆಂದು ಮೂಗು ಮುರಿಯುವವರ ಪಂಗಡಕ್ಕೆ ಸೇರಿದವನು ನಾನು. ಹುಡುಗರು ಕನ್ನಡದಲ್ಲಿ ಹಾಡು ಕಟ್ಟುತ್ತಾರೆಂಬ ಒಂದೇ ಕಾರಣಕ್ಕೆ ಅಷ್ಟಿಷ್ಟು ರಿಯಾಯಿತಿ ತೋರಿಸಿದ್ದೆ. ನಾಲ್ವರನ್ನೂ ಮೊದಲು ಒಂದು ಕಡೆ ಸೇರಿಸಿದವನು, ಹಾಡು ಬರೆದವನು, ಹಾಡಿದವನು ಎಲ್ಲ ಒಬ್ಬನೇ. ಆ ಹುಡುಗ ಕಳೆದ ಮಳೆಗಾಲದಲ್ಲಿ ಜ್ವರವೆಂದು ಮಲಗಿದವನು ಏಳಲಿಲ್ಲ.

ಉಳಿದ ಮೂವರಲ್ಲಿ ಒಮ್ಮತವಿಲ್ಲ. ಅವನಿಲ್ಲದ ಮೇಲೆ ಆ ಹೆಸರಿಟ್ಟುಕೊಂಡು ನುಡಿಸುವುದು ತಪ್ಪೆಂದು ಒಬ್ಬ. ಹೊಸಬನೊಬ್ಬನನ್ನು ಕರೆತಂದು ಹಾಡಿಸೋಣವೆಂದು ಇನ್ನೊಬ್ಬ. ನಮ್ಮವನು ಎರಡಕ್ಕೂ ಇಲ್ಲ. ಇದರ ನಡುವೆ ಹೋದವನ ತಾಯಿ ಮಗನ ಹಾಡಿನ ಪುಸ್ತಕವನ್ನು ಇವನ ಕೈಗೆ ಕೊಟ್ಟು, "ನೀವೇ ಇಟ್ಟುಕೊಳ್ಳಿ, ನನಗೆ ಓದಕ್ಕಾಗಲ್ಲ" ಎಂದರಂತೆ. ಆ ಪುಸ್ತಕ ಇವನ ಚೀಲದಲ್ಲೇ ಇತ್ತು. ನಮ್ಮ ಮನೆಯಾಕೆ, "ಹುಡುಗ ಸರಿಯಾಗಿ ಉಣ್ತಾ ಇಲ್ಲ, ಎಲ್ಲಿಗಾದರೂ ಕರೆದುಕೊಂಡು ಹೋಗಿ" ಎಂದು ಒತ್ತಾಯಿಸಿದಳು. ನನಗೆ ತೋಚುವ ಊರು ಯಾವುದು? ವಿಜಯನಗರಂ.

ದ್ವಾರಂ ಅವರ ಕಥೆಯನ್ನು ದಾರಿಯಲ್ಲಿ ಹೇಳಿದೆ. ಚಿಕ್ಕಂದಿನಿಂದ ಅವರಿಗೆ ದೃಷ್ಟಿ ಮಂದ. ಶಾಲೆಯ ಓದು ಅದರಿಂದಲೇ ಕುಂಟಿತು. ಅಣ್ಣ ವೆಂಕಟಕೃಷ್ಣಯ್ಯನವರು ಕೈಗೆ ಪಿಟೀಲು ಕೊಟ್ಟು ಕಲಿಸಿದರು. ವಿಜಯನಗರಂನ ಮಹಾರಾಜರು ೧೯೧೯ರಲ್ಲಿ ಸಂಗೀತ ಕಾಲೇಜು ತೆರೆದಾಗ ಹರಿಕಥೆಯ ಪಿತಾಮಹರೆನಿಸಿದ ಆದಿಭಟ್ಲ ನಾರಾಯಣದಾಸರು ಮೊದಲ ಪ್ರಿನ್ಸಿಪಾಲರಾದರು. ಇಪ್ಪತ್ತಾರರ ಯುವಕ ವೆಂಕಟಸ್ವಾಮಿನಾಯುಡು ಅಲ್ಲಿಗೆ ಶಿಷ್ಯನಾಗಿ ಸೇರಲು ಬಂದು, ನುಡಿಸಿ ತೋರಿಸಿದ ಮೇಲೆ ಅಧ್ಯಾಪಕನಾಗಿಯೇ ನೇಮಕಗೊಂಡನೆಂದು ಆ ಕಡೆಯವರು ಸಂತೋಷದಿಂದ ಹೇಳಿಕೊಳ್ಳುತ್ತಾರೆ. ೧೯೩೬ರಲ್ಲಿ ನಾರಾಯಣದಾಸರ ಪೀಠಕ್ಕೇ ಬಂದರು. ೧೯೪೧ರಲ್ಲಿ ಮದರಾಸಿನ ಸಂಗೀತ ಕಲಾನಿಧಿ, ೧೯೫೭ರಲ್ಲಿ ಪದ್ಮಶ್ರೀ. ೧೯೬೪ರ ನವೆಂಬರಿನಲ್ಲಿ ತೀರಿಕೊಂಡರು.

"ಇಪ್ಪತ್ತಾರಾ?" ಎಂದ ಹುಡುಗ. ಅಷ್ಟು ಮಾತ್ರ.

ಪ್ರಶಸ್ತಿಗಳ ಮಾತು ಹಾಗಿರಲಿ. ಪಿಟೀಲು ನಮ್ಮ ನೆಲದ ವಾದ್ಯವಲ್ಲವೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಇಂಗ್ಲಿಷರ ವಾದ್ಯವನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ನಿಂತು ಗಲ್ಲಕ್ಕೆ ಒತ್ತಿ ನುಡಿಸುತ್ತಿದ್ದುದನ್ನು ನಮ್ಮವರು ನೆಲದ ಮೇಲೆ ಕುಳಿತು, ತಲೆಯ ಕಡೆಯನ್ನು ಪಾದದ ಮೇಲಿಟ್ಟು ನುಡಿಸಿದರು. ಬಳಿಕ ನೂರು ವರ್ಷ ಅದು ಹಾಡುಗಾರರ ಪಕ್ಕದ ವಾದ್ಯವಾಗಿಯೇ ಉಳಿಯಿತು. ದ್ವಾರಂ ಅವರು ೧೯೩೮ರಲ್ಲಿ ವೆಲ್ಲೂರಿನಲ್ಲಿ ಪಿಟೀಲನ್ನೇ ಮುಂದಿಟ್ಟುಕೊಂಡು ಕಚೇರಿ ಮಾಡಿದರು. ನಮ್ಮ ಮೈಸೂರಿನ ಚೌಡಯ್ಯನವರು ಹೆಚ್ಚು ತಂತಿ ಕಟ್ಟಿ ನಾದವನ್ನು ಹಿರಿದು ಮಾಡಿದರೆ, ಇವರು ಕಮಾನನ್ನೇ ನೆಚ್ಚಿದರು. ಉದ್ದಕ್ಕೆ ಎಳೆದ ಕಮಾನು, ಹಾಡುವವನ ಉಸಿರಿನಂತೆ ಕಡಿಯದೆ ನಿಲ್ಲುವ ನಾದ: ಇದು ದ್ವಾರಂ ಬಾನಿ. ಯೆಹುದಿ ಮೆನುಹಿನ್ ೧೯೫೨ರಲ್ಲಿ ಮದರಾಸಿನಲ್ಲಿ ಇವರ ವಾದನವನ್ನು ಕೇಳಿ ತಲೆದೂಗಿದರು.

ಕಾಲೇಜಿನ ಮುಂದೆ ನಾವು ನಿಂತಾಗ ಒಳಗಿನಿಂದ ಯಾರೋ ಮಕ್ಕಳ ಸರಳೆ ವರಸೆ ಕೇಳುತ್ತಿತ್ತು. ಸ್ವರ ಅಲ್ಲಲ್ಲಿ ಕದಲುತ್ತಿತ್ತು, ಆದರೆ ಕಮಾನನ್ನು ಉದ್ದಕ್ಕೆ ಎಳೆಯಬೇಕೆಂಬ ಹಟ ಮಾತ್ರ ಸ್ಪಷ್ಟವಾಗಿತ್ತು. ಹುಡುಗ ಬಹಳ ಹೊತ್ತು ಅಲ್ಲೇ ನಿಂತ. ಆಮೇಲೆ, "ಮಾವ, ಇವರಿಗೆ ಕಲಿಸುತ್ತಿರುವವರು ಅವರನ್ನು ನೋಡಿರುತ್ತಾರೆಯೆ?" ಎಂದು ಕೇಳಿದ. ಸಾಧ್ಯವಿಲ್ಲ, ಅವರು ಹೋಗಿ ಅರವತ್ತು ವರ್ಷವಾಯಿತು ಎಂದೆ. ಮಗ ಭಾವನಾರಾಯಣರಾವ್, ಮಗಳು ಮಂಗತಾಯಾರು, ಅಣ್ಣನ ಮಗ ನರಸಿಂಗರಾವ್ ನಾಯುಡು ಎಲ್ಲರೂ ವಿದ್ವಾಂಸರಾದರು, ಪಾಠ ಹೇಳಿದರು. ಅವರ ಶಿಷ್ಯರು, ಶಿಷ್ಯರ ಶಿಷ್ಯರು. ಇದೇ ಕಾಲೇಜಿನಲ್ಲಿ ಘಂಟಸಾಲ ಕಲಿತರು. ಭಾವನಾರಾಯಣರಾಯರ ಬಳಿ ಪಾಠವಾದ ಹುಡುಗಿಯೊಬ್ಬಳು ಪಿ. ಸುಶೀಲಾ ಎಂಬ ಹೆಸರಿನಿಂದ ನಮ್ಮ ಕನ್ನಡ ಚಿತ್ರಗಳಲ್ಲಿ ಎಷ್ಟು ಹಾಡಿದರೆಂಬುದನ್ನು ಈ ಪತ್ರಿಕೆಯ ವಾಚಕಿಯರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ತಾಯಂದಿರು ಅಡುಗೆಮನೆಯಲ್ಲಿ ಗುನುಗಿದ ಹಾಡಿಗೂ ಬೆಂಗಳೂರಿನಲ್ಲಿ ಹುಟ್ಟಿದ ಮಂದದೃಷ್ಟಿಯ ಪಿಟೀಲುಗಾರನಿಗೂ ಹೀಗೊಂದು ನೂಲಿನ ನಂಟು!

ಮರುದಿನ ಬೆಜವಾಡಕ್ಕೆ ಹೊರಟೆವು. ವಿಜಯವಾಡವೆಂದು ಬೋರ್ಡು ಹೇಳಿದರೂ ಹಳಬರ ಬಾಯಲ್ಲಿ ಅದು ಬೆಜವಾಡವೇ. ಅಲ್ಲಿ ನಮ್ಮ ಬಳಗದ ಒಂದು ಕುಟುಂಬವಿದೆ; ಹುಡುಗನಿಗೆ ಬೆಂಗಳೂರಿನ ರೈಲೂ ಅಲ್ಲಿಂದಲೇ. ರತ್ನಾಚಲ ಎಕ್ಸ್‌ಪ್ರೆಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುನ್ನೂರೈವತ್ತು ಕಿಲೋಮೀಟರಿನ ಈ ದಾರಿ ಕಣ್ಣಿಗೆ ಹಬ್ಬ. ಅನಕಾಪಲ್ಲಿಯ ಬೆಲ್ಲ, ತುನಿ ದಾಟಿದ ಮೇಲೆ ಅನ್ನವರದ ರತ್ನಗಿರಿ, ಆಮೇಲೆ ಸಾಮರ್ಲಕೋಟೆಯಿಂದ ಮುಂದೆ ಕಣ್ಣು ಹಾಯುವಷ್ಟು ದೂರ ಗದ್ದೆ, ತೆಂಗು, ಕಾಲುವೆ.

ಹುಡುಗ ಕಿವಿಗೆ ಸಿಕ್ಕಿಸಿಕೊಂಡಿದ್ದ ಯಂತ್ರದ ಒಂದು ತುದಿಯನ್ನು ನನಗೆ ಕೊಟ್ಟ. ಕೇಳಿದ್ದು ಇಂಡಿಯನ್ ಓಷನ್ ಎಂಬ ದೆಹಲಿಯ ಬ್ಯಾಂಡಿನ ಹಾಡು. ನಾನು ಎಣಿಸಿದ್ದ ಗದ್ದಲ ಅಲ್ಲಿರಲಿಲ್ಲ. ಗಿಟಾರಿನ ಹಿಂದೆ ತಬಲಾ ನಡೆಯುತ್ತಿತ್ತು. ಎದೆಯಾಳದಿಂದ ಬಂದ ದನಿಯೊಂದು ನರ್ಮದೆಯನ್ನು ತಾಯೆಂದು ಕರೆಯುತ್ತಿತ್ತು. ಈ ಬ್ಯಾಂಡಿನ ವೃತ್ತಾಂತವನ್ನು ಹುಡುಗನೇ ಹೇಳಿದ. ಅದರಲ್ಲಿ ನಮ್ಮವರದೊಂದು ಪಾಲಿರುವುದನ್ನು ನಾನು ಸೇರಿಸಿದೆ. ಬ್ಯಾಂಡಿನ ಬಾಸ್ ಗಿಟಾರಿನ ರಾಹುಲ್ ರಾಮ್ ಅವರು ದೆಹಲಿಯಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಚ್.ವೈ. ಮೋಹನರಾಮ್ ಅವರ ಮಗ. ಇಂದಿರಾ ಗಾಂಧಿಯವರಿಗೆ ವಾರ್ತಾ ಸಲಹೆಗಾರರಾಗಿದ್ದ ಎಚ್.ವೈ. ಶಾರದಾಪ್ರಸಾದರಿಗೆ ತಮ್ಮನ ಮಗ. ಸಂಸ್ಕೃತದಲ್ಲಿ ಕೃತಿಗಳನ್ನು ರಚಿಸಿದ ಹೊಳೆನರಸೀಪುರದ ಯೋಗಾನರಸಿಂಹಂ ಅವರಿಗೆ ಮೊಮ್ಮಗ. ಹುಡುಗನಿಗೆ ಇದು ಗೊತ್ತಿರಲಿಲ್ಲ. ಹಿರಿಯರಿಗೂ ಒಂದೆರಡು ಉಪಯೋಗವುಂಟು.

ಈ ಬ್ಯಾಂಡನ್ನು ೧೯೯೦ರಲ್ಲಿ ಶುರು ಮಾಡಿದವರು ಗಿಟಾರಿನ ಸುಸ್ಮಿತ್ ಸೆನ್ ಮತ್ತು ಅಸೀಮ್ ಚಕ್ರವರ್ತಿ. ರಾಹುಲ್ ರಾಮ್ ಮರುವರ್ಷ ಸೇರಿದರು. ಡ್ರಮ್ಸಿನ ಅಮಿತ್ ಕಿಲಾಮ್ ಬಂದದ್ದು ೧೯೯೪ರಲ್ಲಿ. ಅಸೀಮರು ವೇದಿಕೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ತಬಲಾ ಬಾರಿಸುತ್ತಲೇ ಹಾಡುತ್ತಿದ್ದರು. ರಾಕ್ ಸಂಗೀತದಲ್ಲಿ ನಿಂತು ಕುಣಿಯುವುದೇ ಪದ್ಧತಿ. ಇಲ್ಲಿ ಒಬ್ಬಾತ ಭಜನೆಗೆ ಕುಳಿತಂತೆ ಕುಳಿತ. ಹಾಡಿನ ನಡೆ ತಬಲಾದ ಕೈಯಿಂದ ಹುಟ್ಟಿತು, ಹಾಡುವ ದನಿಯೂ ಅದೇ ದೇಹದಿಂದ ಬಂತು. ೨೦೦೦ದಲ್ಲಿ ಬಂದ 'ಕಂದೀಸ' ಎಂಬ ಆಲ್ಬಮ್ಮು ಅವರನ್ನು ದೇಶದಾದ್ಯಂತ ಪ್ರಸಿದ್ಧರನ್ನಾಗಿ ಮಾಡಿತು. ೨೦೦೯ರಲ್ಲಿ ದೋಹಾದಲ್ಲಿದ್ದಾಗ ಅಸೀಮರಿಗೆ ಹೃದಯಾಘಾತವಾಯಿತು. ಆ ವರ್ಷದ ಡಿಸೆಂಬರ್ ೨೫ರಂದು ದೆಹಲಿಯಲ್ಲಿ ಹೋಗಿಬಿಟ್ಟರು.

ಅವರು ಆ ವೇಳೆಗೆ ಹಾಡಿ ಬಾರಿಸಿ ಮುಗಿಸಿದ್ದ ಹಾಡುಗಳಿದ್ದವು. ಉಳಿದವರು ಅವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ೨೦೧೦ರಲ್ಲಿ ತಿಂಗಳಿಗೊಂದರಂತೆ, ಬೇಕಾದವರು ಹಣ ಕೊಡದೆ ತೆಗೆದುಕೊಳ್ಳಲೆಂದು ಹೊರಗೆ ಬಿಟ್ಟರು. ಅದರ ಹೆಸರು '೧೬/೩೩೦ ಖಜೂರ್ ರೋಡ್'. ದೆಹಲಿಯಲ್ಲಿ ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದ ಹಳೆಯ ಮನೆಯ ವಿಳಾಸವೇ ಹೆಸರಾಯಿತು. ಇನ್ನು ಕಚೇರಿಯ ಮಾತು. ಅಸೀಮರ ಜಾಗಕ್ಕೆ ಒಬ್ಬರು ಸಾಲಲಿಲ್ಲ. ಹಾಡುವುದಕ್ಕೆ ಹಿಮಾಂಶು ಜೋಶಿ, ತಬಲಾಕ್ಕೆ ತುಹೀನ್ ಚಕ್ರವರ್ತಿ, ಹೀಗೆ ಇಬ್ಬರು ಬಂದರು. ೨೦೧೩ರಲ್ಲಿ ಸುಸ್ಮಿತ್ ಸೆನ್ ಕೂಡ ಹೊರನಡೆದರು, ಗಿಟಾರಿಗೆ ನಿಖಿಲ್ ರಾವ್ ಬಂದರು. ಎಂದರೆ ಅಂದಿನಿಂದ ಶುರು ಮಾಡಿದ ಇಬ್ಬರೂ ಆ ಬ್ಯಾಂಡಿನಲ್ಲಿಲ್ಲ. ಆದರೂ ಅಲ್ಲಿ ತಬಲಾ ಇದೆ. ತಬಲಾ ಇಲ್ಲದೆ ಡ್ರಮ್ಸಿನಿಂದಲೇ ಸಾಗಿಸಬಹುದಿತ್ತಲ್ಲ, ಯಾರು ಬೇಡವೆನ್ನುತ್ತಿದ್ದರು? ನನಗೆ ಮುಖ್ಯವಾಗಿ ಕಂಡದ್ದು ಇದು. ಹೋದವರ ದನಿಯನ್ನು ಅನುಕರಿಸುವುದು ಸುಲಭ. ಜಾತ್ರೆಯಲ್ಲಿ ಅದನ್ನು ಮಾಡುವವರಿದ್ದಾರೆ. ಅವರು ಕುಳಿತು ಕಟ್ಟಿದ ಹಾಡಿನ ಅಳತೆಗೆ ಉಳಿದವರು ತಮ್ಮನ್ನು ಹೊಂದಿಸಿಕೊಳ್ಳುವುದು ಬೇರೆ ಕೆಲಸ.

ಇದನ್ನು ಹುಡುಗನಿಗೆ ಹೇಳಿದೆ. "ಅವರು ಒಪ್ಪಿಕೊಂಡು ಮಾಡಿದರು ಮಾವ. ನಮ್ಮಲ್ಲಿ ಒಬ್ಬ ಒಪ್ಪುವುದಿಲ್ಲವಲ್ಲ" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ರಾಜಮಹೇಂದ್ರಿ ಬಂತು. ಗೋದಾವರಿಯ ಮೇಲೆ ರೈಲಿಗಾಗಿ ಕಟ್ಟಿದ ಮೂರು ಸೇತುವೆಗಳಿವೆ. ೧೯೦೦ರಲ್ಲಿ ತೆರೆದ ಹ್ಯಾವ್‌ಲಾಕ್ ಸೇತುವೆ ೧೯೯೭ರಲ್ಲಿ ರೈಲನ್ನು ಇಳಿಸಿಕೊಂಡು ವಿಶ್ರಾಂತಿ ಪಡೆಯಿತು. ಕಂಬಗಳು ಮಾತ್ರ ನೀರಿನಲ್ಲಿ ಹಾಗೆಯೇ ನಿಂತಿವೆ. ಬೋಗಿಯಲ್ಲಿದ್ದವರೆಲ್ಲ ಕಿಟಕಿಗೆ ಬಂದು ನದಿಗೆ ಕೈಮುಗಿದರು, ಕೆಲವರು ನಾಣ್ಯ ಎಸೆದರು. ಹೊಳೆ ದಾಟಿ ನಿಡದವೋಲಿಗೆ ಬಂದರೆ ಭೀಮವರಂ ಕಡೆಗೊಂದು ಕವಲು ಒಡೆಯುತ್ತದೆ. ಆ ಕಡೆಯ ಪಾಲಕೊಲ್ಲಿನಲ್ಲಿ ೧೯೬೯ರಲ್ಲಿ ಹುಟ್ಟಿದ ಯು. ಶ್ರೀನಿವಾಸ್, ವಿದ್ಯುತ್ತಿನ ಮ್ಯಾಂಡೊಲಿನ್ ಹಿಡಿದು ತ್ಯಾಗರಾಜರ ಕೃತಿಗಳನ್ನು ನುಡಿಸಿದ ಬಾಲಕ, ೨೦೧೪ರಲ್ಲಿ ನಲವತ್ತೈದಕ್ಕೇ ತೀರಿಕೊಂಡರು. ಈ ಕರಾವಳಿಯ ನೀರಿನಲ್ಲೇ ಏನೋ ಇದೆ. ಪರದೇಶದ ತಂತಿವಾದ್ಯ ಇಲ್ಲಿಗೆ ಬಂದರೆ ತೆಲುಗು ಮಾತಾಡಲು ಕಲಿತುಬಿಡುತ್ತದೆ. ಏಲೂರು ದಾಟುವ ಹೊತ್ತಿಗೆ ಕತ್ತಲಾಗಿತ್ತು.

ಬೆಜವಾಡ ವಿಶಾಖಪಟ್ಟಣದಂತೆ ನಯವಾದ ಊರಲ್ಲ. ಸೆಕೆ, ವ್ಯಾಪಾರ, ರೈಲು, ಲಾರಿ. ಆಂಧ್ರ ವಿಶ್ವವಿದ್ಯಾನಿಲಯ ೧೯೨೬ರಲ್ಲಿ ಮೊದಲು ಇಲ್ಲಿಯೇ ಹುಟ್ಟಿ, ಕೆಲವೇ ವರ್ಷಗಳಲ್ಲಿ ವಾಲ್ಟೇರಿನ ಗಾಳಿಗೆ ಎದ್ದುಹೋಯಿತು. ಆದರೆ ನಮಗೆ ಈ ಊರಿನ ಮೇಲೆ ಒಂದು ಹಕ್ಕಿದೆ: ಇಲ್ಲಿ ಹರಿಯುವುದು ನಮ್ಮ ಕೃಷ್ಣೆ. ಆಲಮಟ್ಟಿ, ನಾರಾಯಣಪುರಗಳಲ್ಲಿ ನಿಂತು ಬಂದ ನೀರು ಇಂದ್ರಕೀಲಾದ್ರಿಯ ಕಾಲಡಿಯಲ್ಲಿ, ೧೯೫೭ರ ಪ್ರಕಾಶಂ ಬ್ಯಾರೇಜಿನ ಹಿಂದೆ ಮತ್ತೊಮ್ಮೆ ನಿಲ್ಲುತ್ತದೆ. ಬೆಳಗ್ಗೆ ಕನಕದುರ್ಗೆಯ ದರ್ಶನ ಮಾಡಿ ಇಳಿಯುತ್ತ ಆ ನೀರನ್ನು ನೋಡಿದರೆ ಊರಿನವರು ಎದುರು ಸಿಕ್ಕಂತೆ ಆಗುತ್ತದೆ.

ಈ ಊರಿನ ಸಂಗೀತವೆಂದರೆ ಮಂಗಳಂಪಲ್ಲಿ ಬಾಲಮುರಳೀಕೃಷ್ಣ. ತಾಯಿಯನ್ನು ಹಸುಗೂಸಿನಲ್ಲೇ ಕಳೆದುಕೊಂಡ ಮಗುವನ್ನು ಇಲ್ಲಿ ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು ಅವರು ಶಿಷ್ಯನಾಗಿ ತೆಗೆದುಕೊಂಡರು. ಪಂತುಲು ಅವರ ಮೂಲಕ ಲೆಕ್ಕ ಹಾಕಿದರೆ ಬಾಲಮುರಳಿ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ಎಂಟನೆಯ ವಯಸ್ಸಿನಲ್ಲಿ ಇದೇ ಊರಿನ ತ್ಯಾಗರಾಜ ಆರಾಧನೆಯಲ್ಲಿ ಪೂರ್ಣ ಕಚೇರಿ ಮಾಡಿದರು. ೧೯೪೮ರ ಡಿಸೆಂಬರಿನಲ್ಲಿ ಇಲ್ಲಿ ಆಕಾಶವಾಣಿ ಶುರುವಾಯಿತು. ಅಲ್ಲಿ ಕೆಲಸಕ್ಕೆ ಸೇರಿದ ಬಾಲಮುರಳಿ 'ಭಕ್ತಿರಂಜನಿ' ಎಂಬ ಬೆಳಗಿನ ಕಾರ್ಯಕ್ರಮವನ್ನು ರೂಪಿಸಿದರು. ಕಚೇರಿಗೆ ಹೋಗಲಾರದ ಜನರ ಮನೆಗೆ ರಾಮದಾಸರ ಕೀರ್ತನೆ ಬಂದಿತು. ಊರಿನ ಸರಕಾರಿ ಸಂಗೀತ ಕಾಲೇಜಿಗೆ ಮೊದಲ ಪ್ರಿನ್ಸಿಪಾಲರೂ ಅವರೇ. ಆ ಕಾಲೇಜಿಗೆ ಈಗ ಘಂಟಸಾಲರ ಹೆಸರು. ಘಂಟಸಾಲ ಕಲಿತದ್ದು ವಿಜಯನಗರಂನಲ್ಲಿ. ಊರುಗಳು ಹೀಗೆ ಹೆಸರನ್ನು ಕೊಡುಕೊಳ್ಳುವುದುಂಟು. ಕನ್ನಡಿಗರಿಗೆ ಬಾಲಮುರಳಿಯವರು ಹೊರಗಿನವರಲ್ಲ. ಜಿ.ವಿ. ಅಯ್ಯರ್ ಅವರ 'ಹಂಸಗೀತೆ'ಯ ಹಾಡುಗಾರಿಕೆಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ೨೦೧೬ರ ನವೆಂಬರಿನಲ್ಲಿ ಚೆನ್ನೈಯಲ್ಲಿ ತೀರಿಕೊಂಡರು.

ನಾವು ಇಳಿದುಕೊಂಡಿದ್ದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಮಂಡ್ಯದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಅವರಿಗೆ ತೆಲುಗಿನ ಒಂದಕ್ಷರ ಬಾರದು. ರೇಡಿಯೋದಲ್ಲಿ ಭಕ್ತಿರಂಜನಿ ಕೇಳುತ್ತ ಭಾಷೆಯನ್ನೂ ಹಾಡನ್ನೂ ಒಟ್ಟಿಗೆ ಕಲಿತರಂತೆ. ಬೆಳಗ್ಗೆ ಹೂ ಕಟ್ಟುತ್ತ ರಾಮದಾಸರ ಕೀರ್ತನೆಯೊಂದನ್ನು ಗುನುಗುತ್ತಿದ್ದರು. ಒಂದು ಕಡೆ ಸ್ವರವನ್ನು ಸ್ವಲ್ಪ ತಡೆದು, ಆಟವಾಡಿಸಿ, ಕೆಳಕ್ಕೆ ಇಳಿಸಿದರು. ಅದು ಬಾಲಮುರಳಿಯವರದೇ ತಿರುವು. ಹುಡುಗನೂ ಗುರುತಿಸಿದ. "ಅಜ್ಜಿ, ಅವರ ಹಾಗೇ ಹಾಡ್ತೀರಲ್ಲ!" ಎಂದ.

"ಎಲ್ಲಿಯ ಮಾತಪ್ಪ! ಅವರ ಹಾಗೆ ನನಗೆ ಬರಲ್ಲ. ಆದರೆ ಬೇರೆ ಥರ ಹಾಡು ಅಂದ್ರೆ ಅದೂ ಬರಲ್ಲ" ಎಂದು ಅಜ್ಜಿ ನಕ್ಕರು. ಆಮೇಲೆ, "ನೀನೂ ಹಾಡ್ತೀಯಂತೆ. ಎಲ್ಲಿ, ಒಂದು ಹೇಳು" ಎಂದರು.

ಹುಡುಗ ಒಳಗೆ ಹೋಗಿ ಚೀಲದಿಂದ ಪುಸ್ತಕ ತಂದ. ಗಿಟಾರನ್ನು ಬೆಂಗಳೂರಿನಲ್ಲೇ ಬಿಟ್ಟಿದ್ದ. ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿಕೊಂಡು ಗೆಳೆಯನ ಹಾಡೊಂದನ್ನು ಎತ್ತಿದ. ಪಲ್ಲವಿ ಸಲೀಸಾಗಿ ಬಂತು. ಕೊನೆಯ ಚರಣ ಮೇಲಕ್ಕೇರಿದಾಗ ದನಿ ಒಡೆಯಿತು. ಅದು ಶ್ರುತಿ ಸಾಲದೆ ಒಡೆದದ್ದೋ, ಬೇರೆ ಕಾರಣಕ್ಕೋ, ನಾನು ಕೇಳಲಿಲ್ಲ. ಅಜ್ಜಿ ಮಾತ್ರ ಹೂವಿನಿಂದ ಕಣ್ಣು ತೆಗೆಯದೆ, "ಹಾಡು ಚೆನ್ನಾಗಿದೆ. ಮೇಲಿಂದು ನಿನ್ನ ಗಂಟಲಲ್ಲ ಕಣಪ್ಪ, ಕಟ್ಟಿದೋರ ಗಂಟಲು. ಒಂದಿಷ್ಟು ಇಳಿಸ್ಕೊಂಡು ಹೇಳು" ಎಂದರು. ಇಳಿಸಿಕೊಂಡು ಹೇಳಿದ. ಅಜ್ಜಿ ಎರಡು ಬಾರಿ ಹೇಳಿಸಿದರು. ಯಾರ ಹಾಡೆಂದು ಅವರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ದಿನ ಮಧ್ಯಾಹ್ನ ಗೊಂಗೂರದ ಚಟ್ನಿಗೆ ಮೂರು ಬಾರಿ ಅನ್ನ ಹಾಕಿಸಿಕೊಂಡ. ಇದನ್ನು ನಮ್ಮ ಮನೆಯಾಕೆಗೆ ಫೋನಿನಲ್ಲಿ ಮೊದಲು ತಿಳಿಸಿದೆ.

ಜನವರಿಯ ಕೊನೆಗೆ ಅವನಿಂದ ಪತ್ರ ಬಂತು. ಪತ್ರವೆಂದರೆ ಫೋನಿನ ಮೇಲೆ ಬಂದ ನಾಲ್ಕು ಸಾಲು. ಎಲ್ಲ ಹಾಡುಗಳನ್ನೂ ಎರಡು ಸ್ವರ ಕೆಳಕ್ಕಿಳಿಸಿ ಅಭ್ಯಾಸ ಮಾಡುತ್ತಿದ್ದಾರೆ. ಗೆಳೆಯನ ದನಿಯಲ್ಲಿ ಮೊದಲೇ ಮುದ್ರಣವಾಗಿದ್ದ ಎರಡು ಹಾಡುಗಳನ್ನು ಮುಟ್ಟದೆ, ಇದ್ದ ಹಾಗೆಯೇ ಹೊರಗೆ ಬಿ‌ಡುವುದೆಂದಾಗಿದೆ. ಅವನ ತಾಯಿಯ ಒಪ್ಪಿಗೆ ಕೇಳಿದರಂತೆ, ಆಕೆ ಕೊಟ್ಟರಂತೆ. ಬ್ಯಾಂಡಿನ ಹೆಸರು ಬೇಡವೆಂದವನು ಇನ್ನೂ ಬಂದಿಲ್ಲ. ಅವನ ಡ್ರಮ್ಸನ್ನು ಮಾತ್ರ ಅಭ್ಯಾಸದ ಕೋಣೆಯಿಂದ ಯಾರೂ ತೆಗೆದಿಲ್ಲ.